ಪಿತ್ತಕೋಶ ಕಳೆದುಕೊಂಡವರು

ಸಿಟ್ಟಿನಿಂದ ಕೂಗಾಡುವವನನ್ನು ಕಂಡರೆ ‘ಪಿತ್ತ ನೆತ್ತಿಗೇರಿದೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಬೆಳಿಗ್ಗೆ ಬಾಯಿ ಕಹಿಯಾದರೆ ಪಿತ್ತ, ತಲೆ ಸುತ್ತಿದರೆ ಪಿತ್ತ, ಮಾತು ಹದ ತಪ್ಪಿದರೂ ಪಿತ್ತವೇ. ನಮ್ಮ ಆಯುರ್ವೇದದವರು ಅದನ್ನು ತ್ರಿದೋಷಗಳಲ್ಲಿ ಒಂದೆಂದು ಎಣಿಸಿದರು. ಗ್ರೀಕರು ದೇಹದ ನಾಲ್ಕು ರಸಗಳಲ್ಲಿ ಎರಡನ್ನು ಪಿತ್ತಕ್ಕೇ ಬಿಟ್ಟುಕೊಟ್ಟು, ಹಳದಿ ಪಿತ್ತ ಹೆಚ್ಚಿದರೆ ಮನುಷ್ಯ ಮುಂಗೋಪಿಯಾಗುತ್ತಾನೆಂದೂ ಕಪ್ಪು ಪಿತ್ತ ಹೆಚ್ಚಿದರೆ ಮಂಕಾಗುತ್ತಾನೆಂದೂ ನಂಬಿದ್ದರು. ಇಷ್ಟೆಲ್ಲ ಅಪಕೀರ್ತಿ ಹೊತ್ತ ಪಿತ್ತರಸವನ್ನು ಕೂಡಿಟ್ಟುಕೊಳ್ಳುವ ಚೀಲವಾದರೋ ಬಹು ಚಿಕ್ಕದು. ಯಕೃತ್ತಿನ ಅಡಿಯಲ್ಲಿ ಗೇರುಹಣ್ಣಿನಂತೆ ತೂಗಾಡುವ ಅದರಲ್ಲಿ ಹಿಡಿಸುವುದು ಸುಮಾರು 50 ಮಿಲಿಲೀಟರು, ಎಂದರೆ ಅರ್ಧ ಲೋಟ ಕಾಫಿಯಷ್ಟೂ ಇಲ್ಲ.

ಈ ಚೀಲವನ್ನು ಕೊಯ್ದು ತೆಗೆಯುವ ವಿದ್ಯೆಯ ಚರಿತ್ರೆಯನ್ನು ವೈದ್ಯಗ್ರಂಥಗಳು ವಿವರವಾಗಿ ಬರೆದಿಟ್ಟಿವೆ. ಅವುಗಳಲ್ಲಿ ಕತ್ತಿ ಹಿಡಿದವರ ಹೆಸರುಗಳು ಕಾಣಸಿಗುತ್ತವೆ. ಕತ್ತಿಯ ಕೆಳಗೆ ಮಲಗಿದವರು ಮಾತ್ರ ‘43 ವರ್ಷದ ಗಂಡಸು’, ‘ಮೂವತ್ತರ ಹೆಂಗಸು’ ಎಂಬಿಷ್ಟರಲ್ಲೇ ಮುಗಿದುಹೋಗುತ್ತಾರೆ. ನಮ್ಮ ವೀರಗಲ್ಲುಗಳು ತುರುಗಾಳಗದಲ್ಲಿ ಬಿದ್ದ ಸಾಮಾನ್ಯ ಊರಾಳಿನ ಹೆಸರನ್ನೂ ಉಳಿಸಿಕೊಂಡಿವೆ. ವೈದ್ಯಚರಿತ್ರೆಯಲ್ಲಿ ರೋಗಿಗೆ ಅಂಥ ಕಲ್ಲು ನೆಟ್ಟವರು ಕಡಿಮೆ. ಆದರೆ ಈ ಕಥೆಯನ್ನು ಒಮ್ಮೆ ರೋಗಿಯ ಮಂಚದ ಮೇಲಿನಿಂದ ನೋಡಬೇಕು. ಆಗ ಅದು ಬೇರೆಯಾಗಿಯೇ ಕಾಣುತ್ತದೆ.

ಪಿತ್ತಕೋಶದ ಕಲ್ಲು ಹೊಸ ನಾಗರಿಕತೆಯ ಕೊಡುಗೆಯೇನೂ ಅಲ್ಲ. ಈಜಿಪ್ಟಿನ ಆಮೆನ್ ದೇವಾಲಯದ ಪೂಜಾರಿಣಿಯೊಬ್ಬಳ ಸಂರಕ್ಷಿತ ಶವದಲ್ಲಿ ಇಂಥ ಸುಮಾರು 30 ಕಲ್ಲುಗಳು ಸಿಕ್ಕಿದ್ದವು. ಲಂಡನ್ನಿನ ಸಂಗ್ರಹಾಲಯವೊಂದರಲ್ಲಿ ಇಟ್ಟಿದ್ದ ಆ ಶವ ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಆಹುತಿಯಾಯಿತು. ನಮ್ಮ ಸುಶ್ರುತನು ಅಶ್ಮರಿಯನ್ನು ತೆಗೆಯುವ ಕ್ರಮವನ್ನು ಹೇಳಿದ್ದಾನೆ. ಆದರೆ ಅದು ಮೂತ್ರಕೋಶದ ಕಲ್ಲೇ ಹೊರತು ಪಿತ್ತಕೋಶದ್ದಲ್ಲ. ಪಿತ್ತಕೋಶ ಒಳಗೆ, ಆಳದಲ್ಲಿದೆ. ಅಲ್ಲಿಗೆ ಹೋಗಬೇಕಾದರೆ ಹೊಟ್ಟೆಯನ್ನೇ ತೆರೆಯಬೇಕು. ಹಿಂದಿನ ಕಾಲದಲ್ಲಿ ತೆರೆದ ಹೊಟ್ಟೆ ಎಂದರೆ ಬಹುಮಟ್ಟಿಗೆ ತೆರೆದ ಗೋರಿಯೇ ಸರಿ.

ಈ ನೋವನ್ನು ಕಂಡವರಿಗೆ ಅದರ ವರ್ಣನೆ ಬೇಡ. ಕಾಣದವರಿಗೆ ಒಂದೆರಡು ಮಾತು ಸಾಕು. ಮದುವೆಮನೆಯ ಊಟ ಮುಗಿಸಿ ಬಂದು ಮಲಗಿದ ರಾತ್ರಿ, ಬಲಪಕ್ಕೆಯ ಕೆಳಗೆ ಯಾರೋ ಮುಷ್ಟಿ ಹಿಡಿದು ಹಿಂಡಿದಂತಾಗುತ್ತದೆ. ಕುಳಿತರೂ ಆಗದು, ಮಲಗಿದರೂ ಆಗದು. ಜಿಡ್ಡಿನ ಪದಾರ್ಥ ಕರುಳಿಗೆ ಬಂದಾಗ ಅದನ್ನು ಅರಗಿಸಲೆಂದು ಪಿತ್ತಕೋಶ ಕುಗ್ಗಿ ರಸವನ್ನು ಹೊರಗೆ ದಬ್ಬುತ್ತದೆ. ಬಾಯಿಗೆ ಕಲ್ಲು ಅಡ್ಡ ಬಂದಿದ್ದರೆ ಆ ದಬ್ಬಾಟವೆಲ್ಲ ನೋವಾಗಿ ತಿರುಗುತ್ತದೆ. ಕೆಲವು ಗಂಟೆಗಳ ಮೇಲೆ ಕಲ್ಲು ಸರಿದರೆ ಏನೂ ಆಗಿಲ್ಲವೆಂಬಂತೆ ನೋವು ಹೊರಟುಹೋಗುತ್ತದೆ, ಮತ್ತೆ ಬರುವುದಕ್ಕಾಗಿ. ಶತಮಾನಗಳ ಕಾಲ ಇದಕ್ಕೆ ಇದ್ದ ಉಪಾಯಗಳು ಪಥ್ಯ, ಖನಿಜಜಲ ಮತ್ತು ಅಫೀಮು.

ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಝಾಂ ಲೂಯಿ ಪೆತಿ ಎಂಬ ಶಸ್ತ್ರವೈದ್ಯನು, ಪಿತ್ತಕೋಶ ಕೀವುಗಟ್ಟಿ ಹೊಟ್ಟೆಯ ಗೋಡೆಗೆ ಅಂಟಿಕೊಂಡಿದ್ದರೆ ಅದನ್ನು ತೆರೆಯಬಹುದೆಂದು ಹೇಳಿದ. ಆದರೆ ದಾರಿ ನಿಜವಾಗಿ ತೆರೆದದ್ದು ಎರಡು ಸಂಗತಿಗಳಿಂದ. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಕೊಯ್ಯಬಹುದೆಂದು ತೋರಿಸಿದರು. 1867ರಲ್ಲಿ ಬ್ರಿಟನ್ನಿನ ಲಿಸ್ಟರ್ ಮಹಾಶಯನು ಕಾರ್ಬಾಲಿಕ್ ಆಮ್ಲದಿಂದ ಗಾಯ ಕೊಳೆಯದಂತೆ ಕಾಯಬಹುದೆಂದು ಪ್ರಕಟಿಸಿದ. ಅದೇ 1867ರ ಜೂನ್ 15ರಂದು ಅಮೆರಿಕದ ಇಂಡಿಯಾನಾಪೊಲಿಸ್ ಊರಿನಲ್ಲಿ, ಔಷಧದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಜಾನ್ ಬಾಬ್ಸ್ ಎಂಬ ವೈದ್ಯನು ಮೂವತ್ತರ ಆಸುಪಾಸಿನ ಒಬ್ಬ ಹೆಂಗಸಿನ ಹೊಟ್ಟೆಯನ್ನು ತೆರೆದ. ಅಂಡಾಶಯದ ಗೆಡ್ಡೆ ಇರಬಹುದೆಂದು ಅವನ ಊಹೆ. ಸಿಕ್ಕಿದ್ದು ಕಲ್ಲುಗಳಿಂದ ಬೀಗಿದ ಪಿತ್ತಕೋಶ. ಕಲ್ಲುಗಳನ್ನು ತೆಗೆದು, ಚೀಲವನ್ನು ಹೊಲಿದು ಅಲ್ಲಿಯೇ ಬಿಟ್ಟ. ಬಾಬ್ಸ್ 1870ರಲ್ಲಿ ತೀರಿಕೊಂಡ. ಆ ಹೆಂಗಸು ಅವನ ನಂತರ ಎಷ್ಟೋ ದಶಕ ಬಾಳಿದಳು.

ಕಲ್ಲನ್ನು ತೆಗೆಯಬಹುದು ಎಂಬುದು ಹೀಗೆ ಸಿದ್ಧವಾಯಿತು. ಚೀಲವನ್ನೇ ತೆಗೆಯಬಹುದೆ? ದೇವರು ಕೊಟ್ಟ ಅವಯವವನ್ನು ಕಳೆದುಕೊಂಡು ಮನುಷ್ಯ ಬದುಕುವನೆ? ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯ ಮುಖ್ಯಸ್ಥ ಕಾರ್ಲ್ ಲಾಂಗೆನ್‌ಬುಖ್ ಈ ಪ್ರಶ್ನೆಯನ್ನು ಹಿಡಿದು ಕುಳಿತ. ಅವನು ಹುಟ್ಟಿದ್ದು 1846ರಲ್ಲಿ, ಈಥರಿನ ವರ್ಷದಲ್ಲೇ. 27ರ ವಯಸ್ಸಿಗೆ ಆಸ್ಪತ್ರೆಯ ಹೊಣೆ ಹೊತ್ತವನು. ಕುದುರೆಗೆ ಪಿತ್ತಕೋಶವಿಲ್ಲ, ಆನೆಗೂ ಇಲ್ಲ. ಆದರೂ ಆನೆ ಆನೆಯಾಗಿಯೇ ಇದೆ. ಹದಿನೇಳನೆಯ ಶತಮಾನದಲ್ಲೇ ನಾಯಿಗಳ ಪಿತ್ತಕೋಶವನ್ನು ತೆಗೆದು ಅವು ಬದುಕಿದ್ದನ್ನು ಕಂಡವರಿದ್ದರು. ಕಲ್ಲನ್ನಷ್ಟೇ ತೆಗೆದರೆ ಚೀಲ ಮತ್ತೆ ಕಲ್ಲು ಕಟ್ಟುತ್ತದೆ. ಆದ್ದರಿಂದ ಚೀಲವೇ ಹೋಗಬೇಕು ಎಂಬುದು ಅವನ ವಾದ. ಇದನ್ನು ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿಕೊಂಡ.

ಈಗ ಮಂಚದ ಕಡೆಗೆ ನೋಡೋಣ. ಅಲ್ಲಿ ಮಲಗಿದ್ದವನು ಕಚೇರಿಯ ಒಬ್ಬ ನೌಕರ, ವಯಸ್ಸು 43. ಹದಿನಾರು ವರ್ಷ ಈ ನೋವನ್ನು ತಿಂದು, ಮೈ ಇಳಿದು, ಮಾರ್ಫೀನಿಗೆ ದಾಸನಾಗಿದ್ದ. ತನಗೆ ಮಾಡಲಿರುವ ಈ ಕೆಲಸವನ್ನು ಜೀವಂತ ಮನುಷ್ಯನ ಮೇಲೆ ಅದುವರೆಗೆ ಯಾರೂ ಮಾಡಿರಲಿಲ್ಲ. ‘ನನ್ನ ಹಾಗೆ ಇನ್ನೊಬ್ಬರಿಗೆ ಆಗಿದೆಯೆ? ಅವರು ಹೇಗಿದ್ದಾರೆ?’ ಎಂದು ನಾವೆಲ್ಲ ಕೇಳುವ ಪ್ರಶ್ನೆಯನ್ನು ಅವನು ಕೇಳುವಂತೆಯೇ ಇರಲಿಲ್ಲ. ಐದು ದಿನ ಆಸ್ಪತ್ರೆಯಲ್ಲಿ ಸಿದ್ಧಪಡಿಸಿ, 1882ರ ಜುಲೈ 15ರಂದು ಅವನ ಪಿತ್ತಕೋಶವನ್ನು ತೆಗೆದರು. ಮರುದಿನ ಅವನಿಗೆ ಜ್ವರವಿರಲಿಲ್ಲ, ನೋವೂ ಅಷ್ಟಿರಲಿಲ್ಲ. ಹಾಸಿಗೆಯಲ್ಲಿ ಚುಟ್ಟಾ ಸೇದುತ್ತಿದ್ದನಂತೆ! ಹನ್ನೆರಡನೆಯ ದಿನ ಎದ್ದು ನಡೆದ. ಕೆಲವು ವಾರಗಳ ಮೇಲೆ ಮೈಕೈ ತುಂಬಿಕೊಂಡು ಮನೆಗೆ ಹೋದ.

ಪಂಡಿತರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಆ ಕಾಲದ ಪ್ರಸಿದ್ಧ ಶಸ್ತ್ರವೈದ್ಯ, ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್, ಚೀಲವನ್ನೇ ಕಿತ್ತೊಗೆಯುವುದು ಅರ್ಥವಿಲ್ಲದ ಕೆಲಸವೆಂದು ಜರೆದ. ಆದರೆ 1886ರಲ್ಲಿ ಕಲೆಹಾಕಿದ ಲೆಕ್ಕದಲ್ಲಿ, ಚೀಲವನ್ನು ತೆರೆದು ಕಲ್ಲು ತೆಗೆಸಿಕೊಂಡವರಲ್ಲಿ ನೂರಕ್ಕೆ 27 ಮಂದಿ ಸತ್ತಿದ್ದರು. ಚೀಲವನ್ನೇ ತೆಗೆಸಿಕೊಂಡ ಎಂಟು ಮಂದಿಯಲ್ಲಿ ಸತ್ತವನು ಒಬ್ಬ. ಎಂಟು ಮಂದಿಯ ಲೆಕ್ಕದಿಂದ ಏನನ್ನೂ ಸಾಧಿಸಲಾಗದು, ನಿಜ. ಆದರೂ ಒಂಬತ್ತನೆಯವನು ಮಂಚ ಹತ್ತಬೇಕಾದರೆ ಈ ಎಂಟು ಮಂದಿಯ ಧೈರ್ಯವೇ ಆಧಾರವಾಗಿತ್ತು.

ಒಳಗೆ ಕಲ್ಲಿದೆಯೆ ಇಲ್ಲವೆ ಎಂಬುದನ್ನು ಕೊಯ್ಯುವ ಮೊದಲೇ ತಿಳಿಯುವ ದಾರಿಯನ್ನು 1924ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಗ್ರಹಾಂ ಮತ್ತು ಕೋಲ್ ಎಂಬ ವೈದ್ಯರು ಕಂಡುಕೊಂಡರು. ಪಿತ್ತದ ಜೊತೆ ಸೇರುವ ಒಂದು ಬಣ್ಣದ ದ್ರವ್ಯವನ್ನು ರಕ್ತಕ್ಕೆ ಚುಚ್ಚಿ ಕ್ಷಕಿರಣದ ಚಿತ್ರ ತೆಗೆಯುವುದು ಅವರ ಉಪಾಯ. ನಾಯಿಗಳ ಮೇಲೆ ಎಷ್ಟು ಸಲ ಮಾಡಿದರೂ ಚಿತ್ರ ಮೂಡದೆ, ಕೊನೆಗೆ ಒಂದು ನಾಯಿಯಲ್ಲಿ ಮೂಡಿತು. ವಿಚಾರಿಸಿದರೆ, ಆ ಬೆಳಿಗ್ಗೆ ಅದಕ್ಕೆ ಊಟವನ್ನೇ ಹಾಕಿರಲಿಲ್ಲವಂತೆ! ಉಂಡರೆ ಪಿತ್ತಕೋಶ ಬರಿದಾಗುತ್ತದೆ, ಉಪವಾಸವಿದ್ದರೆ ತುಂಬಿರುತ್ತದೆ. ಇಂದು ಪಿತ್ತಕೋಶವನ್ನು ಅಲ್ಟ್ರಾಸೌಂಡಿನಲ್ಲಿ ನೋಡಲು ನಮ್ಮನ್ನು ಖಾಲಿ ಹೊಟ್ಟೆಯಲ್ಲಿ ಬರಹೇಳುವುದೂ ಇದೇ ಕಾರಣಕ್ಕೆ.

ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಇದು ‘ದಿನವೂ ನಡೆಯುವ’ ಶಸ್ತ್ರಕ್ರಿಯೆ ಎನಿಸಿತು. ಅಪಾಯ ಇರುವುದು ಆ ಮಾತಿನಲ್ಲಿಯೇ. ಪಿತ್ತಕೋಶ ಇಲ್ಲದೆ ಬದುಕಬಹುದು. ಅದರ ಪಕ್ಕದಲ್ಲೇ ಹಾದುಹೋಗುವ ಪಿತ್ತನಾಳ ಇಲ್ಲದೆ ಬದುಕುವುದು ಕಷ್ಟ. 1953ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಆಂಥನಿ ಈಡನ್ನರಿಗೆ ಲಂಡನ್ನಿನಲ್ಲಿ ಈ ಶಸ್ತ್ರಕ್ರಿಯೆ ನಡೆದಾಗ ಪಿತ್ತನಾಳಕ್ಕೆ ಪೆಟ್ಟಾಯಿತು. ಎರಡನೆಯ ಸಲ ಕೊಯ್ದರೂ ಸರಿಹೋಗಲಿಲ್ಲ. ಜೂನ್‌ನಲ್ಲಿ ಬಾಸ್ಟನ್ನಿಗೆ ಹೋಗಿ ರಿಚರ್ಡ್ ಕೆಟೆಲ್ ಎಂಬ ತಜ್ಞರಿಂದ ಮೂರನೆಯ ಸಲ ಕೊಯ್ಯಿಸಿಕೊಂಡರು. ಅದೇ ತಿಂಗಳು ಪ್ರಧಾನಿ ಚರ್ಚಿಲ್ಲರಿಗೆ ಲಕ್ವ ಹೊಡೆಯಿತು. ಅವರ ಉತ್ತರಾಧಿಕಾರಿ ಎನಿಸಿದ್ದ ಈಡನ್ ಆಗ ಸಮುದ್ರದಾಚೆ ಹಾಸಿಗೆ ಹಿಡಿದಿದ್ದರು. 1955ರಲ್ಲಿ ಪ್ರಧಾನಿಯಾದ ಮೇಲೂ ಜ್ವರ ಅವರನ್ನು ಬಿಡಲಿಲ್ಲ. 1956ರ ಅಕ್ಟೋಬರ್‌ನಲ್ಲಿ, ಸೂಯೆಜ್ ಬಿಕ್ಕಟ್ಟು ಕುದಿಯುತ್ತಿದ್ದಾಗ, ಆಸ್ಪತ್ರೆಯಲ್ಲಿದ್ದ ಹೆಂಡತಿಯನ್ನು ನೋಡಲು ಹೋದವರಿಗೆ 106 ಡಿಗ್ರಿ ಜ್ವರವೇರಿತು. ನೋವಿಗೊಂದು ಮದ್ದು, ನಿದ್ದೆಗೊಂದು ಮದ್ದು, ಎಚ್ಚರಕ್ಕೊಂದು ಮದ್ದು—ಹೀಗೆ ದಿನ ದೂಡುತ್ತ, 1957ರ ಜನವರಿಯಲ್ಲಿ ಅನಾರೋಗ್ಯದ ಕಾರಣ ಕೊಟ್ಟು ಅಧಿಕಾರ ಬಿಟ್ಟರು. ಸೂಯೆಜಿನ ಸೋಲಿಗೆ ಪಿತ್ತನಾಳವೇ ಕಾರಣವೆಂದರೆ ಅತಿಯಾದೀತು. ಆದರೆ ಆ ದಿನಗಳ ಲಂಡನ್ನಿನ ಚರಿತ್ರೆಯನ್ನು ಬರೆಯುವವರು ಆ ನಾಳವನ್ನು ಬಿಟ್ಟು ಬರೆಯುವಂತಿಲ್ಲ.

ಇನ್ನೊಬ್ಬ ಅಧಿಕಾರಸ್ಥರ ಕಥೆ ಇದಕ್ಕೆ ತಿರುಗುಮುರುಗು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ನರಿಗೆ 1965ರ ಅಕ್ಟೋಬರ್ 8ರಂದು ಬೆಥೆಸ್ಡಾದ ನೌಕಾಪಡೆಯ ಆಸ್ಪತ್ರೆಯಲ್ಲಿ ಪಿತ್ತಕೋಶವನ್ನು ತೆಗೆದರು. ಹನ್ನೆರಡು ದಿನಗಳ ಮೇಲೆ ಅವರು ಪತ್ರಕರ್ತರ ಮುಂದೆ ಅಂಗಿಯೆತ್ತಿ ಪಕ್ಕೆಯಡಿಯ ಉದ್ದನೆಯ ಗಾಯವನ್ನು ತೋರಿಸಿಬಿಟ್ಟರು. ಸಭ್ಯರು ಮುಖ ಸಿಂಡರಿಸಿದರು. ಮರುವರ್ಷ ಡೇವಿಡ್ ಲೆವೀನ್ ಎಂಬ ವ್ಯಂಗ್ಯಚಿತ್ರಕಾರನು ಆ ಗಾಯದ ಗುರುತನ್ನು ವಿಯೆಟ್ನಾಮಿನ ನಕ್ಷೆಯ ಆಕಾರದಲ್ಲಿ ಬರೆದ. ರಾಜಕಾರಣ ಹಾಗಿರಲಿ; ಕೊಯ್ದಲ್ಲಿ ನೋವು ಮಾಸುವ ಮುನ್ನ ಗಾಯವನ್ನು ನಾಲ್ಕು ಜನಕ್ಕೆ ತೋರಿಸಬೇಕೆನ್ನುವ ಆಸೆ ಅಧ್ಯಕ್ಷನಿಗೂ ಇರುತ್ತದೆ, ಗುಮಾಸ್ತನಿಗೂ ಇರುತ್ತದೆ. ‘ಬದುಕಿ ಬಂದೆ’ ಎಂದು ಹೇಳುವ ಬಗೆ ಅದು.

ಎಲ್ಲರೂ ಹಾಗೆ ಹೇಳಲು ಬರಲಿಲ್ಲ. ನ್ಯೂಯಾರ್ಕಿನ ಕಲಾವಿದ ಆಂಡಿ ವಾರ್‌ಹೋಲ್ 1968ರಲ್ಲಿ ಗುಂಡೇಟು ತಿಂದು ಬದುಕಿದವನು. ಅಂದಿನಿಂದ ಆಸ್ಪತ್ರೆ ಎಂದರೆ ಅವನಿಗೆ ಜೀವಭಯ. ಪಿತ್ತಕೋಶದ ಕಾಯಿಲೆಯನ್ನು ಮುಂದೂಡುತ್ತಲೇ ಬಂದು, ಅದು ಕೊಳೆಯುವ ಸ್ಥಿತಿಗೆ ಬಂದ ಮೇಲೆ 1987ರ ಫೆಬ್ರವರಿ 21ರಂದು ಶಸ್ತ್ರಕ್ರಿಯೆಗೆ ಒಪ್ಪಿದ. ಮರುದಿನ ಬೆಳಗಿನ ಜಾವ ಆಸ್ಪತ್ರೆಯಲ್ಲೇ ತೀರಿಕೊಂಡ. ವಯಸ್ಸು 58. ಮಾತು ಕೊಟ್ಟು ಧೈರ್ಯ ತುಂಬುವವರು ಮೊದಲೇ ಸಿಕ್ಕಿದ್ದರೆ ಎಂದು ಅನಿಸದಿರದು.

ಇದೇ ಹೊತ್ತಿಗೆ ಗಾಯದ ಅಳತೆಯೇ ಬದಲಾಗುತ್ತಿತ್ತು. 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗೆನ್ ಊರಿನಲ್ಲಿ ಎರಿಖ್ ಮ್ಯೂಹೆ ಎಂಬ ವೈದ್ಯನು ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಕೊಳವೆಯಂಥ ದರ್ಶಕವನ್ನು ಒಳಗಿಳಿಸಿ ಪಿತ್ತಕೋಶವನ್ನು ತೆಗೆದ. ಮರುವರ್ಷ ತನ್ನ ದೇಶದ ಶಸ್ತ್ರವೈದ್ಯರ ಸಭೆಯಲ್ಲಿ ಇದನ್ನು ಹೇಳಿದಾಗ ದೊರೆತದ್ದು ಅಪಹಾಸ್ಯ. ಮುಂದೆ ಒಬ್ಬ ರೋಗಿಯ ಮರಣದ ವಿಚಾರದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. 1990ರಲ್ಲಿ ನಿರ್ದೋಷಿ ಎಂದು ಹೊರಬಂದ. ನಕ್ಕ ಸಭೆಯೇ 1992ರಲ್ಲಿ ಅವನನ್ನು ಸನ್ಮಾನಿಸಿತು. ಅಷ್ಟರಲ್ಲಿ 1987ರಲ್ಲಿ ಲಿಯಾನ್ ನಗರದ ಫಿಲಿಪ್ ಮೂರೆ ಇಂಥದೇ ಕೆಲಸ ಮಾಡಿದ್ದ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ತೆಹೆಮ್ಟನ್ ಉದ್ವಾಡಿಯಾ ಅವರು ಅದನ್ನು ಮಾಡಿ ತೋರಿಸಿದ್ದರು. ಈ ವಿಧಾನ ಇಷ್ಟು ಬೇಗ ಹರಡಿದ್ದರಲ್ಲಿ ಪಂಡಿತರ ಪಾಲೆಷ್ಟೋ ರೋಗಿಗಳ ಪಾಲೂ ಅಷ್ಟೇ. ವಾರಗಟ್ಟಲೆ ಮಲಗುವುದು ತಪ್ಪಿ ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದೆಂದು ಕೇಳಿದವರು ‘ನನಗೂ ಹಾಗೆಯೇ ಮಾಡಿ’ ಎಂದು ಹಟ ಹಿಡಿದರು. ಆರಂಭದ ವರ್ಷಗಳಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವುದು ಹೆಚ್ಚಿತು ಎಂಬುದನ್ನೂ ಮರೆಯಬಾರದು. ಯಾವುದನ್ನು ಕತ್ತರಿಸುತ್ತಿದ್ದೇವೆಂದು ಖಚಿತವಾಗಿ ಕಂಡ ಮೇಲೆಯೇ ಕತ್ತರಿಸಬೇಕೆಂಬ ಕಟ್ಟುನಿಟ್ಟು ಆ ಪೆಟ್ಟುಗಳಿಂದ ಬಲಗೊಂಡಿತು.

ಈ ಸಾಲುಗಳನ್ನು ಬರೆಯುತ್ತಿರುವವನ ಹೊಟ್ಟೆಯ ಮೇಲೂ ನಾಲ್ಕು ಪುಟ್ಟ ಗುರುತುಗಳಿವೆ. ‘ಇದೇನು ಮಹಾ, ಮೇಷ್ಟ್ರೆ! ಹಲ್ಲು ಕೀಳಿಸಿದ ಹಾಗೆ’ ಎಂದು ಮಿತ್ರರು ಹುರಿದುಂಬಿಸಿದ್ದರು. ಅಂದು ಸಂಜೆಯೇ ನರ್ಸಮ್ಮ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು. ಆದರೆ ಹೊಟ್ಟೆಯನ್ನು ಕೊಯ್ದರೆ ಬಲಹೆಗಲು ನೋಯುವುದೇಕೆಂದು ತಿಳಿಯದೆ ರಾತ್ರಿಯೆಲ್ಲ ಹೆದರಿ ಮಲಗಿದ್ದೆ. ಒಳಗೆ ಜಾಗ ಮಾಡಿಕೊಳ್ಳಲು ತುಂಬಿದ ಅನಿಲ ವಪೆಯನ್ನು ಕೆಣಕುತ್ತದೆ, ಆ ನರ ಹೆಗಲಿನ ನೋವಾಗಿ ವರದಿ ಕೊಡುತ್ತದೆ ಎಂದು ಬೆಳಿಗ್ಗೆ ವೈದ್ಯರು ವಿವರಿಸಿದರು. ಆ ಒಂದು ವಾಕ್ಯ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿತು. ಕೆಲವು ವಾರ ಜಿಡ್ಡು ತಿಂದರೆ ಹೊಟ್ಟೆ ಹದಗೆಡುತ್ತಿತ್ತು. ಚೀಲವಿಲ್ಲದ ಮೇಲೆ ಪಿತ್ತ ಯಕೃತ್ತಿನಿಂದ ನೇರವಾಗಿ ಕರುಳಿಗೆ ತೊಟ್ಟಿಕ್ಕುತ್ತಿರುತ್ತದೆ. ದೇಹ ಅದಕ್ಕೂ ಹೊಂದಿಕೊಂಡಿತು. ಈಗ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಕೈ ಅಡ್ಡ ಹಿಡಿಯುವುದಿಲ್ಲ.

ಶಸ್ತ್ರಕ್ರಿಯೆ ಸಣ್ಣದೋ ದೊಡ್ಡದೋ ಎಂಬುದು ಎಣಿಸುವವನನ್ನು ಅವಲಂಬಿಸಿದೆ. ವೈದ್ಯನಿಗೆ ಅದು ಸಾವಿರದೊಂದನೆಯದು; ಮಲಗಿದವನಿಗೆ ಮೊದಲನೆಯದು, ಬಹುಶಃ ಕೊನೆಯದು. ಈಡನ್ನರ ಕಥೆ ವೈದ್ಯನಿಗೆ ಹೇಳುವುದು ಇದನ್ನೇ: ದಿನವೂ ಮಾಡುವ ಕೆಲಸವನ್ನೂ ಮೊದಲ ಸಲದ ಎಚ್ಚರದಿಂದ ಮಾಡು. ವಾರ್‌ಹೋಲನ ಕಥೆ ನಮಗೆ ಹೇಳುವುದು: ಭಯವನ್ನು ಬಚ್ಚಿಟ್ಟು ಕಾಯಿಲೆಯನ್ನು ಬೆಳೆಸಬೇಡ. ನಮ್ಮಲ್ಲಿ ಇಂದು ಮಂಚ ಹತ್ತುವವರಿಗೆ ನೂರಾರು ಮಂದಿ ಅನುಭವಸ್ಥರಿದ್ದಾರೆ. ನೆರೆಮನೆಯವರು, ಕಚೇರಿಯ ಸಹೋದ್ಯೋಗಿ, ಸೋದರತ್ತೆ, ಯಾರೋ ಒಬ್ಬರು ಸೆರಗನ್ನೋ ಅಂಗಿಯನ್ನೋ ಸರಿಸಿ ‘ನೋಡು, ಇಷ್ಟೇ’ ಎಂದು ತೋರಿಸಬಲ್ಲರು. ಬರ್ಲಿನ್ನಿನ ಆ ಕಚೇರಿ ನೌಕರನಿಗೆ ಹಾಗೆ ತೋರಿಸುವವರು ಈ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಅವನಿಗೊಂದು ವೀರಗಲ್ಲು ನಿಲ್ಲಿಸಿದರೆ ಯಾರೂ ಆಕ್ಷೇಪಿಸಲಾರರು.