ಹೆಸರಿಲ್ಲದ ವಿಡಿಯೋ ಗೇಮಿನ ಕುಲ ಹುಡುಕುತ್ತಾ...

ನಮ್ಮ ಹಳೇ ಹುಬ್ಬಳ್ಳಿ ಓಣಿಗಳಲ್ಲಿ 1990ರ ದಶಕದಲ್ಲಿ ಬೆಳೆದ ಹುಡುಗೂರಿಗೆ ಅದು ಬರೀ 'ವಿಡಿಯೋ ಗೇಮ್'. ಟಿವಿಗೆ ವೈರ್ ಸಿಗಿಸಿ, ಮೇಲೊಂದು ಕ್ಯಾಸೆಟ್ ಒತ್ತಿ, ಸೂಟಿ ತುಂಬಾ ಮಾರಿಯೋ, ಕಾಂಟ್ರಾ ಆಡ್ತಿದ್ದ ಪೆಟ್ಟಿಗೆ. ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಅಂತೆಲ್ಲ ಹೆಸರಿದ್ದವು ದೇಶದಲ್ಲಿ ಮಾರಾಟ ಆದವು. ಹೆಸರೇ ಇಲ್ಲದವೂ ಬೇಕಾದಷ್ಟಿದ್ದವು. ಕೆಲವು ವರ್ಷದ ಹಿಂದೆ, ಇದನ್ನ ನನ್ನ ಹಾಗೇ ಹಚ್ಚಿಕೊಂಡ ಮಂದಿ ಅಂತರ್ಜಾಲದಲ್ಲಿ ಎಲ್ಲಿದ್ದಾರೆ ಅಂತ ನೋಡಲು ಹೊರಟಾಗ ಮೊದಲ ತೊಡಕು ಅಲ್ಲೇ ಬಂತು. ಹೆಸರೇ ಗೊತ್ತಿಲ್ಲದ್ದನ್ನ ಏನಂತ ಹುಡುಕೋದು?

ಮೂಲ ಎಲ್ಲರಿಗೂ ಗೊತ್ತಿರೋದೇ. 1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೋ ಕಂಪನಿ ಬಿಡುಗಡೆ ಮಾಡಿದ ಫ್ಯಾಮಿಕಾಮ್. 14,800 ಯೆನ್ ಬೆಲೆ, 2 ಕಿಲೋಬೈಟ್ ಮೆಮೊರಿ. 1985ರಲ್ಲಿ ಇದೇ ಯಂತ್ರ ಬೇರೆ ವೇಷ ಹಾಕಿಕೊಂಡು ಅಮೆರಿಕಾಗೆ ಹೋದಾಗ, ಕಳ್ಳ ಕ್ಯಾಸೆಟ್ ಓಡಬಾರದು ಅಂತ ಅದರೊಳಗೊಂದು ಬೀಗದ ಚಿಪ್ ಕೂರಿಸಿದರು. ಜಪಾನಿನ ಮೂಲ ಪೆಟ್ಟಿಗೆಯಲ್ಲಿ ಆ ಬೀಗ ಇರಲಿಲ್ಲ. ಬೀಗ ಇಲ್ಲದ ಮನೆಗೆ ಯಾರು ಬೇಕಾದ್ರೂ ನುಗ್ಗಬಹುದಲ್ಲ? ತೈವಾನಿನ ಕಾರ್ಖಾನೆಗಳು ನುಗ್ಗಿದವು. ಯುಎಂಸಿ ಅನ್ನೋ ತೈವಾನಿನ ಚಿಪ್ ಕಂಪನಿ ಫ್ಯಾಮಿಕಾಮ್ ಒಳಗಿನ ಎರಡು ಮುಖ್ಯ ಚಿಪ್ಪುಗಳ ನಕಲು ತಯಾರಿಸಿತು. ಅದನ್ನ ಕೊಂಡು ಪೆಟ್ಟಿಗೆ ಕಟ್ಟಿದವರು ಎಷ್ಟೋ ಮಂದಿ.

ನಕಲೇ ಯಾಕೆ ಬಂತು, ಅಸಲಿ ಯಾಕೆ ಬರಲಿಲ್ಲ ಅಂತ ಕೇಳಿದರೆ ಉತ್ತರ ಬೆಲೆಯಲ್ಲಿದೆ. 1995ರಲ್ಲಿ ಸೆಗಾ ಕಂಪನಿ ಶಾ ವಾಲೇಸ್ ಮೂಲಕ ಭಾರತಕ್ಕೆ ಬಂದಾಗ ಅವರ ಮೆಗಾ ಡ್ರೈವ್ ಬೆಲೆ ಸುಮಾರು 18,000 ರೂಪಾಯಿ. ಆಗಿನ ಎಷ್ಟೋ ನೌಕರದಾರರ ಮನೆಯಲ್ಲಿ ಅದು ತಿಂಗಳುಗಟ್ಟಲೆ ಸಂಬಳ. ನಮ್ಮ ಕಡೆ ಮಂದಿಗೆ ಕೈಗೆಟುಕಿದ್ದು ನಕಲಿ ಪೆಟ್ಟಿಗೆ ಮಾತ್ರ.

ಇದೇ ಪೆಟ್ಟಿಗೆ ಬೇರೆ ದೇಶಗಳಲ್ಲಿ ಹ್ಯಾಂಗ ಬಾಳಿತು ನೋಡಿ. ರಷ್ಯಾದಲ್ಲಿ ಸ್ಟೀಪ್ಲರ್ ಅನ್ನೋ ಕಂಪನಿ 1992ರ ಕೊನೆಗೆ ಇದನ್ನ 'ಡೆಂಡಿ' ಅಂತ ಹೆಸರಿಟ್ಟು ಮಾರಿತು. ಆನೆಮರಿಯ ಗುರುತು, ಟಿವಿ ಜಾಹೀರಾತು, 1994ರಲ್ಲಿ ಅದರದ್ದೇ ಒಂದು ಟಿವಿ ಕಾರ್ಯಕ್ರಮ. ಪೋಲೆಂಡಿನಲ್ಲಿ ಇದು 'ಪೆಗಾಸಸ್'. ಚೀನಾದಲ್ಲಿ 'ಸುಬೋರ್', ಅದಕ್ಕೆ ಜಾಕಿ ಚಾನ್ ಜಾಹೀರಾತು ಬೇರೆ! (ಸುಬೋರ್ ನಡೆಸುತ್ತಿದ್ದ ಡುವಾನ್ ಯೋಂಗ್‌ಪಿಂಗ್ 1995ರಲ್ಲಿ ಹೊರಬಂದು ಬಿಬಿಕೆ ಕಂಪನಿ ಕಟ್ಟಿದ. ನಮ್ಮ ಕೊಪ್ಪೀಕರ್ ರೋಡಿನ ಅಂಗಡಿಗಳಲ್ಲಿ ಮಾರೋ ಒಪ್ಪೋ, ವಿವೋ ಫೋನುಗಳು ಆ ಮನೆತನದವೇ.) ಅಲ್ಲೆಲ್ಲ ಒಂದೇ ಹೆಸರು ಊರೆಲ್ಲ ಹಬ್ಬಿತ್ತು. ಹಾಗಾಗಿ ಮುಂದೆ ಅಂತರ್ಜಾಲ ಬಂದಾಗ ಅಲ್ಲಿನ ಹುಡುಗರು ಆ ಹೆಸರು ಹಿಡಿದು ಒಬ್ಬರನ್ನೊಬ್ಬರು ಸುಲಭವಾಗಿ ಹುಡುಕಿಕೊಂಡರು. ಡಬ್ಬಿ, ಕ್ಯಾಸೆಟ್, ಬೋರ್ಡು ಎಲ್ಲದರ ಫೋಟೋ ಸೇರಿಸಿ ಇತಿಹಾಸ ಬರೆದಿಟ್ಟರು. ನಮ್ಮಲ್ಲಿ ಓಣಿಗೊಂದು ಹೆಸರು. ಹಿಡಿಯೋಕೆ ದಾರ ಎಲ್ಲಿದೆ?

ದಾರ ಇತ್ತು, ಆದರೆ ಪೆಟ್ಟಿಗೆಯ ಒಳಗೆ. ಸ್ಕ್ರೂ ಬಿಚ್ಚಿ ನೋಡಿದರೆ ಹಳೇ ಪೆಟ್ಟಿಗೆಗಳಲ್ಲಿ ಚಿಪ್ಪಿನ ಮೇಲೆ ನಂಬರ್ ಇರುತ್ತೆ. ಯುಎ6527ಪಿ, ಯುಎ6538 ಅನ್ನೋ ಜೋಡಿ ಸಿಕ್ಕರೆ ಕುಲಗೋತ್ರ ಸಿಕ್ಕ ಹಾಗೆ. ಕ್ಯಾಸೆಟ್ಟಿನ ಹಲ್ಲು ಎಣಿಸಿ: 60 ಇದ್ದರೆ ಜಪಾನಿನ ಫ್ಯಾಮಿಕಾಮ್ ವಂಶ, 72 ಇದ್ದರೆ ಅಮೆರಿಕಾ, ಯುರೋಪಿನ ಕವಲು. ಹೆಸರು ಬಿಟ್ಟು ಈ ನಂಬರ್ ಹಾಕಿ ಹುಡುಕಿದಾಗ ನನಗೆ ಬಾಗಿಲು ತೆಗೀತು. ನೆಸ್‌ಡೆವ್ ಅನ್ನೋ ಬಳಗದವರು ಈ ಚಿಪ್ಪುಗಳ ನಾಡಿ ಹಿಡಿದು ನೋಡಿ ಎಲ್ಲವನ್ನೂ ದಾಖಲಿಸಿದ್ದಾರೆ.

ಅಲ್ಲಿ ಓದಿದ ಒಂದು ವಿಷಯ ನನ್ನನ್ನ ಬೆರಗುಗೊಳಿಸಿತು. ಜಪಾನಿನ ಟಿವಿ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಬರೆಯುತ್ತೆ, ನಮ್ಮ ಕಡೆಯ ಪಾಲ್ ಟಿವಿ 50 ಸಲ. ಜಪಾನಿನ ಕ್ಯಾಸೆಟ್ಟನ್ನ ಸೀದಾ ಇಲ್ಲಿಗೆ ತಂದರೆ ಎಷ್ಟೋ ಆಟಗಳ ಲೆಕ್ಕ ತಪ್ಪುತ್ತೆ. ಅದಕ್ಕೆ ಯುಎಂಸಿಯವರು ಒಂದು ಉಪಾಯ ಮಾಡಿದರು. ಒಂದು ಚಿತ್ರ ಬರೆದು ಮುಗಿಸಿದ ಮೇಲೆ ಚಿಪ್ಪು 51 ಗೆರೆಯಷ್ಟು ಹೊತ್ತು ಸುಮ್ಮನೆ ಕೂತು, ಆಮೇಲೆ 'ಚಿತ್ರ ಮುಗೀತು' ಅಂತ ಆಟಕ್ಕೆ ಹೇಳುತ್ತೆ. ಪ್ರೊಸೆಸರ್ ವೇಗವನ್ನೂ ಜಪಾನಿನದರ ಹತ್ತಿರಕ್ಕೇ ತಂದರು (ಅಲ್ಲಿ 1.79 ಮೆಗಾಹರ್ಟ್ಸ್, ಇಲ್ಲಿ 1.77). ಆಟ ಏನೂ ಅನುಮಾನ ಬರದೆ ಓಡುತ್ತೆ. ಆದರೆ ಸೆಕೆಂಡಿಗೆ 60ರ ಬದಲು 50 ಹೆಜ್ಜೆ.

ಅಂದರೆ ಈ ಚಿಪ್ಪಿದ್ದ ಪೆಟ್ಟಿಗೆಯಲ್ಲಿ ಮಾರಿಯೋ ಜಪಾನಿನ ಮಾರಿಯೋಗಿಂತ ನಿಧಾನ ಓಡುತ್ತಿದ್ದ! ಹಿನ್ನೆಲೆ ಸಂಗೀತದ್ದೂ ಅದೇ ಕತೆ. ಧಾರವಾಡ ಸೀಮೆಯವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, ಶ್ರುತಿ ಹೆಚ್ಚುಕಮ್ಮಿ ಅದೇ, ಲಯ ಮಾತ್ರ ಸ್ವಲ್ಪ ವಿಲಂಬಿತ :-) ಕಂಪ್ಯೂಟರಿನ ಎಮ್ಯುಲೇಟರಿನಲ್ಲಿ ಮೊದಲ ಸಲ ಮಾರಿಯೋ ಆಡಿದಾಗ "ಇದು ಭಾಳ ಜೋರ್ ಓಡ್ತದಲ್ಲ" ಅಂತ ನಿಮಗ್ಯಾರಿಗಾದ್ರೂ ಅನಿಸಿದ್ದರೆ ಅದು ಭ್ರಮೆ ಆಗಿರಲಿಕ್ಕಿಲ್ಲ. ಎಫ್‌ಸಿಇಯುಎಕ್ಸ್, ಮೆಸೆನ್ ಎಮ್ಯುಲೇಟರುಗಳಲ್ಲಿ ಈ ನಿಧಾನದ ಲಯಕ್ಕೆ ಒಂದು ಆಯ್ಕೆ ಇದೆ. ಅದರ ಹೆಸರು ಏನು ಗೊತ್ತಾ? 'ಡೆಂಡಿ'. ನಮ್ಮ ಸೂಟಿಯ ನೆನಪು ರಷ್ಯಾದವರ ಹೆಸರಲ್ಲಿ ನೋಂದಣಿ ಆಗಿದೆ. ಅವರ ತಪ್ಪೇನಿಲ್ಲ, ಅವರು ಬರೆದರು, ಹೆಸರಿಟ್ಟರು. ನಾವು ಬರೀಲಿಲ್ಲ ಅಷ್ಟೇ.

ಈಗ ಬರೆಯೋಣ ಅಂದರೆ ಹೊತ್ತು ಮೀರುತ್ತಿದೆ. ಆಮೇಲೆ ಬಂದ ಪೆಟ್ಟಿಗೆಗಳಲ್ಲಿ ಎರಡು ಚಿಪ್ಪೂ ಒಂದಾಗಿ, ಮೇಲೆ ಕಪ್ಪು ಅಂಟು ಸುರಿದು ಮುಚ್ಚಿರುತ್ತಾರೆ. ನಂಬರೂ ಇಲ್ಲ, ಊರೂ ಇಲ್ಲ. ದುರ್ಗದ ಬೈಲಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಕಾಕಾ ಒಬ್ಬರ ಮುಂದೆ ಅಂಥದ್ದೊಂದನ್ನ ಇಟ್ಟಾಗ, "ಇದನ್ನೇನ್ ನೋಡೂದೋ ತಮ್ಮಾ, ಒಳಗ ಬರೇ ಒಂದ್ ಕರೀ ಚುಕ್ಕಿ ಐತಿ" ಅಂದರು. ಆ ಕರೀ ಚುಕ್ಕಿ ಹಿಂದಿನ ಕತೆ ಈಗ ಉಳಿದಿರೋದು ಮಂದಿಯ ನೆನಪಿನಲ್ಲಿ ಮಾತ್ರ: ಯಾವ ವರ್ಷ, ಯಾವ ಪೇಟೆಯಲ್ಲಿ, ಎಷ್ಟು ರೂಪಾಯಿಗೆ ಕೊಂಡರು, ಮುಂಬೈಯಿಂದ ಬಂತೋ ಬೆಂಗಳೂರಿನಿಂದ ಬಂತೋ...

ಇದು ಬರೀ ಆಟಿಕೆಯ ಮಾತಲ್ಲ. ನಮ್ಮಂಥ ಎಷ್ಟೋ ಮನೆಗಳಿಗೆ ಬಂದ ಮೊದಲ ಕಂಪ್ಯೂಟರ್ ಇದು. ಹೊರಗಿನವರಿಗೂ ಇದು ಕಂಡಿತ್ತು: 2008ರ ಹೊತ್ತಿಗೆ ಪ್ಲೇಪವರ್ ಅನ್ನೋ ತಂಡ, ಭಾರತದ ಬಜಾರಿನಲ್ಲಿ ಸುಮಾರು 12 ಡಾಲರಿಗೆ ಸಿಗುತ್ತಿದ್ದ ಕೀಬೋರ್ಡ್ ಇರುವ ಇಂಥದೇ ಪೆಟ್ಟಿಗೆಗೆ ಮಕ್ಕಳ ಕಲಿಕೆಯ ಆಟ ಬರೆಯಲು ಹೊರಟಿತ್ತು.

ಅದಕ್ಕೇ ಬ್ಲಾಗಿಗ ಮಿತ್ರರಲ್ಲಿ ಒಂದು ಮಾತು. ನಿಮ್ಮ ಅಟ್ಟದ ಮೇಲೆ ಇಂಥದೊಂದು ಪೆಟ್ಟಿಗೆ ಇದ್ದರೆ ಮೋಡಕಾದವನಿಗೆ ಹಾಕೋ ಮೊದಲು ನಾಲ್ಕು ಕೆಲಸ ಮಾಡಿ. ಡಬ್ಬಿಯ ಫೋಟೋ ತೆಗೀರಿ. ಬೋರ್ಡಿನ ಎರಡೂ ಮಗ್ಗುಲಿನ ಫೋಟೋ ತೆಗೀರಿ, ಚಿಪ್ಪಿನ ನಂಬರ್ ಓದೋ ಹಾಗಿರಲಿ. ಕ್ಯಾಸೆಟ್ಟಿನ ಆಟಗಳ ಪಟ್ಟಿ ಬರೆದುಕೊಳ್ಳಿ ('99,99,999 ಆಟ' ಅಂತ ಬರೆದಿದ್ದರೂ ನಿಜಕ್ಕೂ ಇರೋವು ಬೆರಳೆಣಿಕೆಯವು!). ಕೊಂಡ ಊರು, ವರ್ಷ, ಬೆಲೆ ಮನೆಯವರನ್ನ ಕೇಳಿ. ಆಮೇಲೆ ಅದನ್ನ ಕನ್ನಡದಲ್ಲೇ ಬರೆದು ಹಾಕಿ, ಚಿಪ್ಪಿನ ನಂಬರ್ ಮರೀಬೇಡಿ. ನಾಳೆ ಗದಗಿನಲ್ಲೋ ಶಿವಮೊಗ್ಗದಲ್ಲೋ ಯಾರೋ ಒಬ್ಬರು ಅದೇ ನಂಬರ್ ಹಾಕಿ ಹುಡುಕುತ್ತಾರೆ. ಅವರಿಗೆ ಸಿಗೋ ಮೊದಲ ಪುಟ ನಿಮ್ಮದಾಗಲಿ.