‘ಕೊಡುವುದಿಲ್ಲ’ ಎಂದ ಮೇಲೆ: ವಿಮಾನ ಪ್ರಯಾಣಿಕರ ಪರಿಹಾರದ ಹಕ್ಕು ಬೆಳೆದ ಬಗೆ

ವಿಮಾನ ತಡವಾಗಿ ಪ್ರಯಾಣಿಕರಿಗೆ ನಷ್ಟವಾದರೆ ಕಂಪನಿಯೇ ಅದನ್ನು ತುಂಬಿಕೊಡಬೇಕೆಂಬ ನಿಯಮ ಅಂತರರಾಷ್ಟ್ರೀಯ ಕಾನೂನಿಗೆ ಬಂದದ್ದು ಪೋಲೆಂಡಿನ ವಾರ್ಸಾದಲ್ಲಿ 1929ರ ಅಕ್ಟೋಬರ್ 12ರಂದು ಸಹಿಯಾದ ಒಡಂಬಡಿಕೆಯಿಂದ. ಅದರ 19ನೇ ವಿಧಿ ವಿಳಂಬದ ಹೊಣೆಯನ್ನು ಕಂಪನಿಯ ಮೇಲೆ ಹೊರಿಸಿತು. ಆದರೆ 20ನೇ ವಿಧಿ ಅದೇ ಹೊಣೆಯಿಂದ ಪಾರಾಗುವ ದಾರಿಯನ್ನೂ ತೋರಿಸಿತು: ನಷ್ಟ ತಪ್ಪಿಸಲು ಬೇಕಾದ ಎಲ್ಲ ಕ್ರಮ ಕೈಗೊಂಡಿದ್ದೆವು, ಇಲ್ಲವೇ ಕೈಗೊಳ್ಳುವುದು ಸಾಧ್ಯವೇ ಇರಲಿಲ್ಲ ಎಂದು ಕಂಪನಿ ರುಜುವಾತುಪಡಿಸಿದರೆ ಪರಿಹಾರ ಕೊಡಬೇಕಿಲ್ಲ. ಪರಿಹಾರ ಕೇಳಿದವರಿಗೆ ಇಂದು ಬರುವ ನಿರಾಕರಣೆಯ ಪತ್ರಗಳ ಬೇರು ಇರುವುದು ಈ ವಿಧಿಯಲ್ಲೇ.

ವಿಮಾನಯಾನ ಆಗಿನ್ನೂ ಎಳೆಯ ಉದ್ಯಮ. ಒಂದು ಅಪಘಾತಕ್ಕೆ ಇಡೀ ಕಂಪನಿ ಮುಳುಗಿಹೋದೀತು ಎಂಬ ಭಯ ಸರ್ಕಾರಗಳಿಗಿತ್ತು. ಹಾಗಾಗಿ ಪರಿಹಾರಕ್ಕೆ ಮಿತಿ ಹಾಕಲಾಯಿತು: ಪ್ರಯಾಣಿಕ ಸತ್ತರೆ ಹೆಚ್ಚೆಂದರೆ 1,25,000 ಚಿನ್ನದ ಫ್ರಾಂಕ್, ನೋಂದಾಯಿಸಿದ ಲಗೇಜಿಗೆ ಕಿಲೋಗೆ 250 ಫ್ರಾಂಕ್. ದಾವೆ ಹೂಡಲು ಎರಡು ವರ್ಷದ ಗಡುವು. ಪ್ರಯಾಣಿಕರಿಗೆ ಒಲಿದ ಅಂಶವೂ ಒಂದಿತ್ತು. ಕಂಪನಿಯ ತಪ್ಪನ್ನು ಅವರು ಸಾಬೀತು ಮಾಡಬೇಕಿರಲಿಲ್ಲ. ತಪ್ಪಿಲ್ಲವೆಂದು ಕಂಪನಿಯೇ ಸಾಬೀತು ಮಾಡಬೇಕಿತ್ತು. ಮುಂದಿನ ತೊಂಬತ್ತು ವರ್ಷಗಳ ವ್ಯಾಜ್ಯಗಳಲ್ಲಿ ಪ್ರಯಾಣಿಕರ ಕೈಹಿಡಿದದ್ದು ಈ ಅಂಶವೇ. ಬ್ರಿಟಿಷ್ ಆಡಳಿತದ ಭಾರತ ಈ ಒಡಂಬಡಿಕೆಯನ್ನು 1934ರ ಕಾಯ್ದೆಯ ಮೂಲಕ ಒಪ್ಪಿಕೊಂಡಿತು. 1972ರ ವಿಮಾನ ಸಾಗಣೆ ಕಾಯ್ದೆ ಅದರ ಸ್ಥಾನಕ್ಕೆ ಬಂತು.

ಕಾನೂನು ಇದ್ದರೂ ತಡವಾದ ವಿಮಾನಕ್ಕಾಗಿ, ತಪ್ಪಿದ ಸೀಟಿಗಾಗಿ ಕೋರ್ಟಿಗೆ ಹೋಗುವವರು ಹೆಚ್ಚಿರಲಿಲ್ಲ. ಸಿಗುವ ಹಣಕ್ಕಿಂತ ವಕೀಲರ ಶುಲ್ಕವೇ ದೊಡ್ಡದಾಗುತ್ತಿತ್ತು. ಅಮೆರಿಕದಲ್ಲಿ ಈ ಲೆಕ್ಕಾಚಾರವನ್ನು ಬದಿಗಿಟ್ಟು ಹೋರಾಡಿದವರು ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್. 1972ರ ಏಪ್ರಿಲ್ 28ರಂದು ವಾಷಿಂಗ್ಟನ್ನಿನಿಂದ ಹಾರ್ಟ್‌ಫರ್ಡ್‌ಗೆ ಹೊರಟಿದ್ದ ಅಲಿಗೇನಿ ಏರ್‌ಲೈನ್ಸ್ ವಿಮಾನದಲ್ಲಿ ಅವರಿಗೆ ಸೀಟು ಖಚಿತವಾಗಿತ್ತು. ಆದರೆ 100 ಸೀಟಿನ ಆ ವಿಮಾನಕ್ಕೆ ಕಂಪನಿ ಸುಮಾರು 107 ಮಂದಿಗೆ ಟಿಕೆಟ್ ಖಾತರಿ ಮಾಡಿತ್ತು. ನೇಡರ್ ಹೊರಗುಳಿದರು. ನಿಯಮದಂತೆ ಕಂಪನಿ ಕೊಡಬಂದ 32 ಡಾಲರ್ 41 ಸೆಂಟನ್ನು ಅವರು ಮುಟ್ಟಲಿಲ್ಲ. ಓವರ್‌ಬುಕಿಂಗ್ ವಿಷಯವನ್ನು ಮುಚ್ಚಿಟ್ಟದ್ದೇ ವಂಚನೆ ಎಂದು ದಾವೆ ಹೂಡಿದರು. ಇಂಥ ದೂರು ಮೊದಲು ವಿಮಾನಯಾನ ಮಂಡಳಿಯ ಮುಂದೆ ಹೋಗಬೇಕೆಂದು ಕಂಪನಿ ವಾದಿಸಿತು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು.

ಕೆಳ ನ್ಯಾಯಾಲಯ ವಿಧಿಸಿದ್ದ 25,000 ಡಾಲರ್ ದಂಡ ಕೊನೆಗೆ ಮೇಲ್ಮನವಿಯಲ್ಲಿ ನಿಲ್ಲಲಿಲ್ಲ. ಹಣದ ಲೆಕ್ಕದಲ್ಲಿ ನೇಡರ್ ಗೆದ್ದರೆನ್ನಲಾಗದು. ಆದರೆ ಗುಟ್ಟಾಗಿದ್ದ ಓವರ್‌ಬುಕಿಂಗ್ ದೇಶದ ಚರ್ಚೆಯಾಯಿತು. ಇಷ್ಟವಿದ್ದವರಿಗೆ ಹಣ ಕೊಟ್ಟು ಸೀಟು ಬಿಡಿಸಿಕೊಳ್ಳಬಹುದಲ್ಲ ಎಂದು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1968ರಲ್ಲೇ ಬರೆದಿದ್ದರು. ಕಂಪನಿಗಳು ಆಗ ಕಿವಿಗೊಟ್ಟಿರಲಿಲ್ಲ. ಆಲ್ಫ್ರೆಡ್ ಕಾನ್ ಅಧ್ಯಕ್ಷರಾಗಿದ್ದಾಗ, 1978ರಲ್ಲಿ, ವಿಮಾನಯಾನ ಮಂಡಳಿ ಅದನ್ನೇ ನಿಯಮವಾಗಿಸಿತು: ಯಾರನ್ನಾದರೂ ಬಲವಂತವಾಗಿ ಬಿಟ್ಟುಹೋಗುವ ಮೊದಲು ಸ್ವಇಚ್ಛೆಯಿಂದ ಉಳಿಯುವವರನ್ನು ಕೇಳಬೇಕು.

ಯುರೋಪ್ ತಡವಾಗಿ ಹೊರಟರೂ ಬಹಳ ದೂರ ಹೋಯಿತು. ಅಲ್ಲಿನ 1991ರ ಮೊದಲ ನಿಯಮ ಸೀಟು ನಿರಾಕರಣೆಗೆ ಮಾತ್ರ ಪರಿಹಾರ ಕೊಡುತ್ತಿತ್ತು. 2005ರ ಫೆಬ್ರವರಿ 17ರಂದು ಜಾರಿಗೆ ಬಂದ 261/2004 ಸಂಖ್ಯೆಯ ನಿಯಮ ವಿಮಾನ ರದ್ದತಿಯನ್ನೂ ಸೇರಿಸಿಕೊಂಡಿತು. ದೂರಕ್ಕೆ ತಕ್ಕಂತೆ 250, 400, 600 ಯೂರೋ ನಿಗದಿಯಾಯಿತು. ಪ್ರಯಾಣಿಕರು ತಮಗಾದ ನಷ್ಟದ ಲೆಕ್ಕ ಒಪ್ಪಿಸಬೇಕಿಲ್ಲ, ರಸೀತಿ ತೋರಿಸಬೇಕಿಲ್ಲ. ವಾರ್ಸಾದ ಚೌಕಟ್ಟಿನಲ್ಲಿ ಇದು ಊಹೆಗೂ ಮೀರಿದ ಮಾತಾಗಿತ್ತು. ವಿಮಾನ ಕಂಪನಿಗಳ ಸಂಘಟನೆಗಳು ನಿಯಮವನ್ನೇ ಪ್ರಶ್ನಿಸಿ ಲಕ್ಸೆಂಬರ್ಗಿನಲ್ಲಿರುವ ಯುರೋಪಿನ ನ್ಯಾಯಾಲಯಕ್ಕೆ ಹೋದವು. 2006ರ ಜನವರಿಯಲ್ಲಿ ಸೋತವು.

ಆದರೂ ಒಂದು ಕಂಡಿ ಉಳಿದಿತ್ತು. ‘ಅಸಾಧಾರಣ ಪರಿಸ್ಥಿತಿ’ಯಿಂದ ವಿಮಾನ ರದ್ದಾಗಿದ್ದರೆ ಹಣ ಕೊಡಬೇಕಿಲ್ಲ ಎಂದು ನಿಯಮ ಹೇಳುತ್ತಿತ್ತು. ಅಸಾಧಾರಣ ಎಂದರೆ ಯಾವುದು ಎಂಬುದಕ್ಕೆ ವಿವರಣೆ ಇರಲಿಲ್ಲ. ಕಂಪನಿಗಳು ‘ತಾಂತ್ರಿಕ ದೋಷ’ ಎಂಬೆರಡು ಪದ ಬರೆದು ಅರ್ಜಿಗಳನ್ನು ಹಿಂದಕ್ಕೆ ಕಳಿಸತೊಡಗಿದವು. ವಿಯೆನ್ನಾದಿಂದ ರೋಮ್ ಮೂಲಕ ಬ್ರಿಂಡಿಸಿಗೆ ಹೊರಟಿದ್ದ ಪ್ರಯಾಣಿಕರೊಬ್ಬರು ಅಲಿಟಾಲಿಯಾದಿಂದ ಬಂದ ಇಂಥದೇ ಉತ್ತರವನ್ನು ಒಪ್ಪಲಿಲ್ಲ. ಆ ವಿಮಾನದ ಎಂಜಿನ್ನಿನಲ್ಲಿ ದೋಷ ಇದ್ದದ್ದು ನಿಜವೇ. ಪ್ರಶ್ನೆ ಇದ್ದದ್ದು ಅದು ಅಸಾಧಾರಣವೇ ಎಂಬುದರಲ್ಲಿ. 2008ರ ಡಿಸೆಂಬರ್ 22ರಂದು ನ್ಯಾಯಾಲಯ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಯಂತ್ರ ಕೆಡುವುದು, ಅದನ್ನು ರಿಪೇರಿ ಮಾಡುವುದು ವಿಮಾನ ಓಡಿಸುವವರ ದಿನನಿತ್ಯದ ಕೆಲಸ, ಅದನ್ನು ನೆಪವಾಗಿಸಲಾಗದು. ಕಂಪನಿಯ ವ್ಯವಹಾರಕ್ಕೆ ಸಹಜವಲ್ಲದ, ಅದರ ಹತೋಟಿಗೆ ಮೀರಿದ ಘಟನೆ ಮಾತ್ರ ಅಸಾಧಾರಣ. ಅದನ್ನು ರುಜುವಾತುಪಡಿಸುವ ಭಾರವೂ ಕಂಪನಿಯದೇ.

ಮರುವರ್ಷ, 2009ರ ನವೆಂಬರ್ 19ರಂದು, ಇದಕ್ಕಿಂತ ದೊಡ್ಡ ತೀರ್ಪು ಬಂತು. ಬರಿಯ ವಿಳಂಬಕ್ಕೆ ಹಣ ಕೊಡಬೇಕೆಂದು 2004ರ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ವಿಮಾನ ‘ರದ್ದಾಗಿಲ್ಲ, ತಡವಾಗಿದೆ ಅಷ್ಟೆ’ ಎಂದು ಹೇಳಿ, ಇಡೀ ದಿನ ಕಾಯಿಸಿದ ಕಂಪನಿಗಳೂ ಪಾರಾಗುತ್ತಿದ್ದವು. ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ಊರು ತಲುಪಿದವರು ಅನುಭವಿಸುವ ತೊಂದರೆ ರದ್ದಾದ ವಿಮಾನದವರದ್ದಕ್ಕಿಂತ ಕಡಿಮೆಯದಲ್ಲ, ಅವರಿಗೂ ಅದೇ ಪರಿಹಾರ ಸಲ್ಲಬೇಕು ಎಂದು ನ್ಯಾಯಾಲಯ ಹೇಳಿತು. ನಿಯಮದ ಅಕ್ಷರವನ್ನು ದಾಟಿದ ತೀರ್ಪು ಇದು ಎಂಬ ಟೀಕೆಯಲ್ಲಿ ಹುರುಳಿಲ್ಲದಿಲ್ಲ; ಆದರೆ ನಿಯಮದ ಉದ್ದೇಶವನ್ನು ಉಳಿಸಿದ್ದೂ ಇದೇ ತೀರ್ಪು. ಕಂಪನಿಗಳು ಅದನ್ನು ಮತ್ತೆ ಪ್ರಶ್ನಿಸಿದವು. 2012ರ ಅಕ್ಟೋಬರ್ 23ರಂದು ನ್ಯಾಯಾಲಯ ತನ್ನ ಮಾತನ್ನೇ ಎತ್ತಿಹಿಡಿಯಿತು.

2010ರಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿ ಉಗುಳಿದ ಬೂದಿ ಯುರೋಪಿನ ಆಕಾಶವನ್ನು ದಿನಗಟ್ಟಲೆ ಮುಚ್ಚಿಸಿತು. ಇದು ನಿಸ್ಸಂದೇಹವಾಗಿ ಅಸಾಧಾರಣ. ಹಾಗಿದ್ದರೂ ಊಟ, ವಸತಿಯ ಹೊಣೆ ಕಂಪನಿಗೆ ತಪ್ಪುವುದಿಲ್ಲ ಎಂದು 2013ರ ಜನವರಿಯಲ್ಲಿ ತೀರ್ಮಾನವಾಯಿತು. 2017ರಲ್ಲಿ ಹಕ್ಕಿ ಬಡಿಯುವುದನ್ನು ಅಸಾಧಾರಣದ ಪಟ್ಟಿಗೆ ಸೇರಿಸಿದ ನ್ಯಾಯಾಲಯ, 2018ರಲ್ಲಿ ಸಿಬ್ಬಂದಿಯ ದಿಢೀರ್ ಮುಷ್ಕರವೊಂದನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಇದೇ ಕಾಲಕ್ಕೆ ಹೊಸ ಕಸುಬೊಂದು ಹುಟ್ಟಿತು: ಪ್ರಯಾಣಿಕರ ಪರವಾಗಿ ಕಂಪನಿಗಳೊಂದಿಗೆ ಬಡಿದಾಡಿ, ಗೆದ್ದರೆ ಮಾತ್ರ ಪಾಲು ಪಡೆಯುವ ಸಂಸ್ಥೆಗಳು. 2010ರಲ್ಲಿ ಜರ್ಮನಿಯ ಫ್ಲೈಟ್‌ರೈಟ್, 2013ರಲ್ಲಿ ಏರ್‌ಹೆಲ್ಪ್ ಆರಂಭವಾದವು. ಪಾಲು ದೊಡ್ಡದೆಂಬ ದೂರು ಇದ್ದದ್ದೇ. ಆದರೂ ಮೊದಲ ‘ಇಲ್ಲ’ಕ್ಕೇ ಕೈಚೆಲ್ಲುತ್ತಿದ್ದವರ ಹಕ್ಕುಗಳು ಕೋರ್ಟಿನವರೆಗೆ ತಲುಪಿದ್ದು ಇವರಿಂದ.

ಭಾರತದ ದಾರಿ ಬೇರೆ. ಇಲ್ಲಿ ಮೊದಲ ಆಸರೆಯಾದದ್ದು ವಿಮಾನಯಾನದ ನಿಯಮವಲ್ಲ, 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎ ಪ್ರಯಾಣಿಕರ ಪರಿಹಾರಕ್ಕೆ ನಿಯಮ ಬರೆದದ್ದು 2010ರ ಆಗಸ್ಟಿನಲ್ಲಿ. ಅದಕ್ಕೆ ಮುಂಚಿನ ಸ್ಥಿತಿಯನ್ನು ಒಂದು ಪ್ರಕರಣ ಚೆನ್ನಾಗಿ ತೋರಿಸುತ್ತದೆ. 2007ರ ಡಿಸೆಂಬರ್ 14ರಂದು ದೆಹಲಿಯ ಮಂಜಿನಿಂದಾಗಿ ಹೈದರಾಬಾದಿಗೆ ಹೊರಟ ಇಂಡಿಗೋ ಪ್ರಯಾಣಿಕರು ಸುಮಾರು 11 ಗಂಟೆ ವಿಮಾನದೊಳಗೇ ಕುಳಿತಿರಬೇಕಾಯಿತು. ಹೈದರಾಬಾದಿನ ಕಾಯಂ ಲೋಕ ಅದಾಲತ್ ಒಬ್ಬರಿಗೆ 10,000 ರೂಪಾಯಿ ಪರಿಹಾರ ಕೊಡಿಸಿತು. ಕರ್ನಾಟಕ ಹೈಕೋರ್ಟಿನಿಂದ ಹೋಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬರೆದ ತೀರ್ಪು ಆ ಪರಿಹಾರವನ್ನು ರದ್ದುಮಾಡಿತು. ಮಂಜಿಗೆ ಕಂಪನಿ ಹೊಣೆಯಲ್ಲ, ಕಾಯುವವರಿಗೆ ಆಹಾರ, ನೀರು ಕೊಡುವುದಷ್ಟೇ ಅದರ ಕರ್ತವ್ಯ ಎಂದಿತು. ಪ್ರಯಾಣಿಕರು ಸೋತರು. ಆದರೆ ವ್ಯಾಜ್ಯ ದೆಹಲಿಯಲ್ಲೇ ನಡೆಯಬೇಕೆಂಬ ಟಿಕೆಟ್ಟಿನ ಷರತ್ತು ಕಾಯಂ ಲೋಕ ಅದಾಲತ್ತನ್ನು ಕಟ್ಟಿಹಾಕದು ಎಂದು ಅದೇ ತೀರ್ಪು ಹೇಳಿದ್ದರಿಂದ ಮುಂದಿನವರಿಗೆ ದಾರಿ ಉಳಿಯಿತು. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ, ವಾರ್ಸಾ ಒಡಂಬಡಿಕೆಯ ದಾವೆಗಳನ್ನು ಗ್ರಾಹಕರ ಆಯೋಗವೂ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಕರ್ನಾಟಕದ ಮಟ್ಟಿಗೆ ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ ಮಂಗಳೂರಿನದು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಸತ್ತರು. ವಾರ್ಸಾದ ಜಾಗಕ್ಕೆ ಬಂದಿದ್ದ 1999ರ ಮಾಂಟ್ರಿಯಲ್ ಒಡಂಬಡಿಕೆಗೆ ಭಾರತ ಸೇರಿ ಆಗಷ್ಟೇ ಒಂದು ವರ್ಷವಾಗಿತ್ತು. ಕನಿಷ್ಠ 75 ಲಕ್ಷ ರೂಪಾಯಿ ಎಲ್ಲರಿಗೂ ಸಲ್ಲಬೇಕೆಂದು ಕುಟುಂಬಗಳು ಕೇಳಿದವು. ಸತ್ತವರ ಆದಾಯ ನೋಡಿ ಕೊಡುತ್ತೇವೆಂದು ಕಂಪನಿ ಹೇಳಿತು. ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರ ಜುಲೈನಲ್ಲಿ ಕುಟುಂಬಗಳ ಮಾತನ್ನು ಒಪ್ಪಿದರೂ ಕೆಲವೇ ವಾರಗಳಲ್ಲಿ ವಿಭಾಗೀಯ ಪೀಠ ಅದನ್ನು ಬದಲಿಸಿತು. ಗ್ರಾಹಕರ ರಾಷ್ಟ್ರೀಯ ಆಯೋಗದ ಮೂಲಕ ಹೋದ ಒಂದು ಕುಟುಂಬಕ್ಕೆ 2020ರ ಮೇ ತಿಂಗಳಲ್ಲಿ, ದುರಂತಕ್ಕೆ ಹತ್ತು ವರ್ಷ ತುಂಬುವ ಹೊತ್ತಿಗೆ, ಸುಪ್ರೀಂ ಕೋರ್ಟ್ 7.64 ಕೋಟಿ ರೂಪಾಯಿ ಮಂಜೂರು ಮಾಡಿತು. ಸಂಪಾದಿಸುವವರನ್ನು ಕಳೆದುಕೊಂಡ ಮನೆಗಳಿಗೆ ಹತ್ತು ವರ್ಷದ ಕಾಯುವಿಕೆ ತಾನೇ ಒಂದು ಶಿಕ್ಷೆ.

ಡಿಜಿಸಿಎ ನಿಯಮ 2016ರ ಆಗಸ್ಟಿನಲ್ಲಿ ಬಿಗಿಯಾಯಿತು. ಮುನ್ಸೂಚನೆಯಿಲ್ಲದೆ ವಿಮಾನ ರದ್ದಾದರೆ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಸೀಟು ಇಲ್ಲವೆಂದು ಬಿಟ್ಟುಹೋದರೆ 20,000 ರೂಪಾಯಿವರೆಗೆ. ವಿಳಂಬಕ್ಕೆ ಊಟ, ವಸತಿ, ಮರುಪಾವತಿ ಉಂಟು, ನಗದು ಇಲ್ಲ. ಯುರೋಪಿನ 2009ರ ತೀರ್ಪಿಗೆ ಸಮನಾದದ್ದು ಇಲ್ಲಿ ಇನ್ನೂ ಬಂದಿಲ್ಲ, ಮತ್ತು ಈ ನಿಯಮದ ದೊಡ್ಡ ಕೊರತೆ ಅದೇ.

ನಿರಾಕರಣೆಯ ಪತ್ರ ಹಿಡಿದವರಿಗೆ ಇಂದಿರುವ ದಾರಿಗಳು ಈ ಹಂತಗಳಲ್ಲೇ ರೂಪುಗೊಂಡವು. ಕಾರಣವನ್ನು ಲಿಖಿತವಾಗಿ ಕೇಳುವುದು ಮೊದಲ ಹೆಜ್ಜೆ. ‘ತಾಂತ್ರಿಕ’, ‘ಕಾರ್ಯಾಚರಣೆಯ ಕಾರಣ’ ಎಂಬ ಸಾರಾಸಗಟು ಮಾತು ಸಾಕಾಗದು. ಕಂಪನಿಯ ನೋಡಲ್ ಅಧಿಕಾರಿ, ಆಮೇಲೆ ಮೇಲ್ಮನವಿ ಪ್ರಾಧಿಕಾರ. ಅಲ್ಲಿ ಬಗೆಹರಿಯದಿದ್ದರೆ 2016ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಏರ್‌ಸೇವಾದಲ್ಲಿ ದೂರು. ಆದರೆ ಪರಿಹಾರ ಕೊಡಲೇಬೇಕೆಂದು ಆದೇಶಿಸುವ ಬಲ ಇರುವುದು ಗ್ರಾಹಕರ ಆಯೋಗಕ್ಕೆ. 2020ರ ಜುಲೈನಲ್ಲಿ ಜಾರಿಯಾದ ಹೊಸ ಗ್ರಾಹಕ ಕಾಯ್ದೆ ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಲು ಅವಕಾಶ ಮಾಡಿತು. ಕಲಬುರಗಿಯಲ್ಲಿರುವವರು ಮುಂಬೈ–ದೆಹಲಿ ವಿಮಾನದ ದೂರನ್ನು ಕಲಬುರಗಿಯ ಜಿಲ್ಲಾ ಆಯೋಗದಲ್ಲೇ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು ಎರಡು ವರ್ಷ. ಲಗೇಜಿನ ವಿಷಯದಲ್ಲಿ ಮಾತ್ರ ಅವಸರ ಬೇಕು: ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯಾದ ಲಗೇಜಿಗೆ 7 ದಿನ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಲಿಖಿತ ದೂರು ಹೋಗದಿದ್ದರೆ ಹಕ್ಕೇ ಹೋಗುತ್ತದೆ. ದಾಖಲೆಗಳ ಮಹತ್ವವನ್ನು ಸುಪ್ರೀಂ ಕೋರ್ಟಿನ 2020ರ ಇನ್ನೊಂದು ತೀರ್ಪು ತೋರಿಸಿತು: ಬೋರ್ಡಿಂಗ್ ಪಾಸ್ ಪಡೆದೂ ಕೋಲ್ಕತ್ತದಲ್ಲಿ ಗೇಟಿಗೆ ಸಮಯಕ್ಕೆ ತಲುಪದ ಅಗರ್ತಲಾದ ಪ್ರಯಾಣಿಕರು ಕೆಳಗಿನ ವೇದಿಕೆಗಳಲ್ಲಿ ಗೆದ್ದಿದ್ದರೂ, ಕಂಪನಿಯ ಸೇವಾಲೋಪವನ್ನು ತೋರಿಸಲಾಗದೆ ಕೊನೆಯಲ್ಲಿ ಸೋತರು.