ಒಂದೇ ದಾರಕ್ಕೆ ಎರಡು ಲ್ಯೂರ್ ಕಟ್ಟಿದರೆ ಎರಡು ಪಟ್ಟು ಮೀನು ಸಿಗುತ್ತದೆಯೇ?

"ಗಾಳದ ದಾರಕ್ಕೆ ಒಂದರ ಬದಲು ಎರಡು ಲ್ಯೂರ್ ಕಟ್ಟಿ, ಎರಡು ಪಟ್ಟು ಮೀನು ಹಿಡಿಯಿರಿ!" ಕೆರೆ, ಹೊಳೆಗಳಲ್ಲಿ ಗಾಳ ಹಾಕುವ ಹವ್ಯಾಸ ಇರುವವರ ಮೊಬೈಲಿಗೆ ಇಂಥ ವಿಡಿಯೋ ಬಂದೇ ಬಂದಿರುತ್ತದೆ. ಇದರಲ್ಲಿ ನಿಜ ಎಷ್ಟು?

ಚುಟುಕಾಗಿ ಹೇಳುವುದಾದರೆ: ಅರ್ಧ ಸತ್ಯ. ಎರಡನೇ ಲ್ಯೂರ್ ಕೆಲವೊಮ್ಮೆ ನೆರವಾಗುತ್ತದೆ. ಆದರೆ ಅದು ಮೀನನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಹತ್ತಿರ ಕರೆಯುತ್ತದೆ. "ಎರಡು ಪಟ್ಟು" ಎಂಬ ಲೆಕ್ಕಕ್ಕೆ ಆಧಾರವಿಲ್ಲ.

ಲ್ಯೂರ್ ಕೆಲಸ ಮಾಡುವುದು ಹೇಗೆ?

ಲ್ಯೂರ್ ಎಂದರೆ ನಕಲಿ ಎರೆ. ಪ್ಲಾಸ್ಟಿಕ್, ರಬ್ಬರ್, ಮರ ಅಥವಾ ಲೋಹದಲ್ಲಿ ಮಾಡಿದ ಮರಿಮೀನು, ಕಪ್ಪೆ, ಹುಳದಂಥ ಆಕಾರ. ಮೀನು ಅದನ್ನು ಕಣ್ಣಿನಿಂದ ಮಾತ್ರ ಗುರುತಿಸುವುದಿಲ್ಲ. ಮೈಯ ಎರಡೂ ಬದಿಗೆ ಇರುವ ಪಾರ್ಶ್ವರೇಖೆ ಎಂಬ ಅಂಗದಿಂದ ನೀರಿನ ಅಲುಗಾಟವನ್ನೂ ಗ್ರಹಿಸುತ್ತದೆ. ಎರಡು ಲ್ಯೂರ್ ಇದ್ದರೆ ಅಲುಗಾಟ ಹೆಚ್ಚು, ಕಾಣಿಸುವುದೂ ಹೆಚ್ಚು.

ಸಾಮಾನ್ಯವಾಗಿ ಮೂರು ಬಗೆಯ ಜೋಡಣೆಗಳಿವೆ.

• ಮೇಲೊಂದು, ಕೆಳಗೊಂದು: ತೇಲುವ ಲ್ಯೂರ್‌ಗೆ ಅರ್ಧ ಮೀಟರ್‌ನಷ್ಟು ದಾರ ಕಟ್ಟಿ, ಮುಳುಗುವ ಸಣ್ಣದೊಂದನ್ನು ಇಳಿಬಿಡುವುದು. ಮೀನು ಯಾವ ಆಳದಲ್ಲಿದೆ ಎಂದು ತಿಳಿಯಲು ಇದು ಒಳ್ಳೆಯ ಉಪಾಯ.
• ಮುಂದೊಂದು, ಹಿಂದೊಂದು: ದೊಡ್ಡದು ಸಣ್ಣದನ್ನು ಅಟ್ಟಿಸಿಕೊಂಡು ಹೋಗುವಂತೆ ಅಥವಾ ಎರಡು ಮರಿಮೀನು ಜೊತೆಯಾಗಿ ಈಜುವಂತೆ ಕಾಣುತ್ತದೆ.
• ಕೊಡೆಯ ಕಡ್ಡಿಗಳಂತೆ ಹರಡಿದ ತಂತಿಗಳಿಗೆ ನಾಲ್ಕೈದು ಲ್ಯೂರ್: ಮರಿಮೀನುಗಳ ಗುಂಪಿನ ಅನುಕರಣೆ.

ಅಮೆರಿಕದಲ್ಲಿ ಆಗಿದ್ದೇನು?

ಮೂರನೇ ಬಗೆ ಸುದ್ದಿಯಾದದ್ದು 2011ರಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಅಲಬಾಮಾ ರಾಜ್ಯದ ಗಂಟರ್ಸ್‌ವಿಲ್ ಸರೋವರದ ಬ್ಯಾಸ್ ಮೀನಿನ ಸ್ಪರ್ಧೆಯನ್ನು ಪಾಲ್ ಎಲಿಯಾಸ್ ಗೆದ್ದರು. ಅವರು ಬಳಸಿದ್ದು ಆಂಡಿ ಪಾಸ್ ರೂಪಿಸಿದ 'ಅಲಬಾಮಾ ರಿಗ್', ಅಂದರೆ ಐದು ಲ್ಯೂರ್‌ಗಳ ಕೊಡೆ. ಮಾರನೆಯ ವರ್ಷವೇ ಬ್ಯಾಸ್‌ಮಾಸ್ಟರ್ ಸಂಸ್ಥೆ ತನ್ನ ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿತು.

ಅಲ್ಲಿನ ಕೆಲವು ರಾಜ್ಯಗಳಲ್ಲಿ ಒಂದು ದಾರಕ್ಕೆ ಇಷ್ಟೇ ಕೊಕ್ಕೆ ಎಂಬ ಮಿತಿಯಿದೆ. ಅಂಥ ಕಡೆ ಮಿಕ್ಕ ತಂತಿಗಳಿಗೆ ಕೊಕ್ಕೆಯಿಲ್ಲದ ನಕಲಿ ಮೀನುಗಳನ್ನೇ ಕಟ್ಟುತ್ತಾರೆ. ಅವುಗಳ ಕೆಲಸ ಗುಂಪಿನಂತೆ ಕಾಣುವುದಷ್ಟೇ. ವಿಡಿಯೋಗಳು ಬಿಟ್ಟುಬಿಡುವ ಗುಟ್ಟು ಇದೇ: ಹೆಚ್ಚುವರಿ ಲ್ಯೂರ್‌ಗೆ ಕೊಕ್ಕೆ ಬೇಕೇಬೇಕೆಂದಿಲ್ಲ.

ನಮ್ಮ ಕೆರೆಗಳಲ್ಲಿ?

ಇದು ಬೇಟೆಯಾಡಿ ತಿನ್ನುವ ಮೀನುಗಳಿಗೆ ಹೊಂದುವ ವಿಧಾನ. ಕಾಟ್ಲಾ, ರೋಹು ಅಂಥವಲ್ಲ. ಅವುಗಳ ಮುಖ್ಯ ಆಹಾರ ನೀರಿನ ಸೂಕ್ಷ್ಮಜೀವಿಗಳು, ಪಾಚಿ, ಸಸ್ಯಾಂಶ. ಲ್ಯೂರ್ ಎರಡಿದ್ದರೂ ನಾಲ್ಕಿದ್ದರೂ ಅವುಗಳಿಗೆ ಅಷ್ಟಕ್ಕಷ್ಟೇ. ಮರ್ರೆಲ್ ಬೇಟೆಗಾರ ಮೀನು ಹೌದು, ಆದರೆ ಅದು ಅಡಗುವುದು ಜೊಂಡು, ಕಳೆಗಳ ನಡುವೆ. ಅಲ್ಲಿ ಎರಡು ಕೊಕ್ಕೆ ಎಸೆದರೆ ಒಂದಾದರೂ ಸಿಕ್ಕಿಹಾಕಿಕೊಳ್ಳುತ್ತದೆ. ಹೆಚ್ಚು ಗಂಟು ಎಂದರೆ ದಾರ ತುಂಡಾಗುವ ಜಾಗಗಳೂ ಹೆಚ್ಚು. ತುಂಡಾದ ದಾರ ನೀರಿನಲ್ಲೇ ಉಳಿದು ಹಕ್ಕಿ, ಆಮೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

"ನಾನೇ ಮಾಡಿ ನೋಡಿದ್ದೇನೆ, ಕೆಲಸ ಮಾಡುತ್ತೆ!"

ಒಂದು ದಿನದ ಅನುಭವವನ್ನು ನಂಬುವ ಮೊದಲು ಒಂದು ನಾಣ್ಯ ತೆಗೆದುಕೊಂಡು ಆರು ಸಲ ಚಿಮ್ಮಿ. ಮೂರು ತಲೆ, ಮೂರು ಬಾಲ ಬೀಳುವ ಸಾಧ್ಯತೆ ಶೇ 31 ಮಾತ್ರ. ಉಳಿದ ಶೇ 69ರಷ್ಟು ಸಲ 4–2 ಅಥವಾ ಇನ್ನೂ ಹೆಚ್ಚು ಏರುಪೇರಾಗಿ ಬೀಳುತ್ತದೆ. ಹಾಗೆಯೇ, ಜೋಡಿ ಲ್ಯೂರ್‌ಗೆ ನಾಲ್ಕು, ಒಂಟಿ ಲ್ಯೂರ್‌ಗೆ ಎರಡು ಮೀನು ಸಿಕ್ಕಿತೆಂದರೆ ಏನೂ ಸಾಬೀತಾಗುವುದಿಲ್ಲ. ಆದರೆ 20 ಮೀನುಗಳಲ್ಲಿ 16–4 ಬಂದರೆ ಯೋಚಿಸಬೇಕಾದ್ದೇ. ಬರಿಯ ಅದೃಷ್ಟದಿಂದ ಅಷ್ಟು ವ್ಯತ್ಯಾಸ ಬರುವ ಸಾಧ್ಯತೆ ಶೇ 1ರ ಆಸುಪಾಸು.

ಪರೀಕ್ಷಿಸುವ ಆಸೆಯಿದ್ದರೆ ಹೀಗೆ ಮಾಡಿ:

1. ಒಂದೇ ಜಾಗ, ಒಂದೇ ಹೊತ್ತು. ಹತ್ತು ಎಸೆತ ಒಂಟಿ, ಹತ್ತು ಎಸೆತ ಜೋಡಿ, ಮತ್ತೆ ಒಂಟಿ.
2. ಪ್ರತಿ ಮೀನು ಯಾವ ಲ್ಯೂರ್‌ಗೆ ಬಿತ್ತು ಎಂದು ಬರೆದಿಡಿ. ಬರಿಗೈಯಲ್ಲಿ ಬಂದ ದಿನವನ್ನೂ ಬರೆಯಿರಿ.
3. ಎಲ್ಲ ಮೀನೂ ಕೆಳಗಿನ ಲ್ಯೂರ್‌ಗೇ ಬಿದ್ದರೆ, ಮೇಲಿನದರ ಕೊಕ್ಕೆ ತೆಗೆದು ಮತ್ತೆ ನೋಡಿ.

ಎಚ್ಚರ: ಎರಡನೇ ಕೊಕ್ಕೆ ಕೈಗೆ ಚುಚ್ಚೀತು

ಒಂದು ಕೊಕ್ಕೆಯಿಂದ ಮೀನು ಬಿಡಿಸುವಾಗ ಅದು ಒದ್ದಾಡುತ್ತದೆ. ಆಗ ಗಾಳಿಯಲ್ಲಿ ತೂಗಾಡುವ ಇನ್ನೊಂದು ಕೊಕ್ಕೆ ನೇರ ಕೈಗೆ ಬರುತ್ತದೆ. ಮೊದಲು ಅದನ್ನು ಕತ್ತರಿಸಿ ಅಥವಾ ಎಲ್ಲಾದರೂ ಸಿಕ್ಕಿಸಿ, ಬಳಿಕ ಮೀನು ಮುಟ್ಟಿ. ಕೊಕ್ಕೆ ಚರ್ಮದೊಳಗೆ ಹೊಕ್ಕರೆ ಎಳೆಯಬೇಡಿ, ಅದರ ಹಿಂಮುಳ್ಳು ಮಾಂಸವನ್ನು ಹರಿಯುತ್ತದೆ. ವೈದ್ಯರಲ್ಲಿ ಹೋಗಿ, ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ. ಕಣ್ಣಿಗೆ ತಗುಲಿದರೆ ಮುಟ್ಟದೆ, ಒತ್ತದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು ವಿಷಯ: ಕಾವೇರಿ ವನ್ಯಜೀವಿಧಾಮದಂಥ ಸಂರಕ್ಷಿತ ಪ್ರದೇಶಗಳಲ್ಲಿ ಹವ್ಯಾಸಕ್ಕೂ ಗಾಳ ಹಾಕುವಂತಿಲ್ಲ. ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ 2018ರಿಂದ 'ತೀವ್ರ ಅಳಿವಿನಂಚಿನ' ಪಟ್ಟಿಯಲ್ಲಿದೆ. ಬೇರೆ ಕೆರೆ, ಜಲಾಶಯಗಳಲ್ಲೂ ಮೀನಿನ ಹಕ್ಕು ಯಾರದ್ದೆಂದು ಮೊದಲು ವಿಚಾರಿಸಿ.

ಕೊನೆಯ ಮಾತು

ಜೋಡಿ ಲ್ಯೂರ್ ಮಾಯದ ಗಾಳವಲ್ಲ, ಮೋಸವೂ ಅಲ್ಲ. ಮೀನು ಎಲ್ಲಿದೆ, ಏನು ತಿನ್ನುತ್ತಿದೆ ಎಂದು ಹುಡುಕುವ ಒಂದು ಸಾಧನ. ಆ ವಿಡಿಯೋ ಮತ್ತೆ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಒಂಟಿ ಲ್ಯೂರ್‌ನಲ್ಲಿ ಎಷ್ಟು ಸಿಕ್ಕಿತ್ತು, ಬರೆದಿಟ್ಟಿದ್ದೀರಾ?"